ಕೋಡಿ ಮುಚ್ಚಿದವರು ಲೆಕ್ಕ ಕೊಡಲಿ

ಬೆಂಗಳೂರಿನ ಮಾಸ್ಟರ್ ಪ್ಲಾನಿಗೆ ಹೆಸರಲ್ಲೇ ಗಡುವಿದೆ: 2015. 2007ರಲ್ಲಿ ಜಾರಿಗೆ ಬಂದ ಆ ನಕ್ಷೆಯ ಆಯಸ್ಸು ಮುಗಿದು ಹತ್ತು ವರ್ಷ ಕಳೆದರೂ ಊರು ಅದನ್ನೇ ಹಿಡಿದುಕೊಂಡು ಬೆಳೆಯುತ್ತಾ ಬಂತು. ಮುಂದಿನ ಯೋಜನೆಯ ಕರಡು 2017ರ ನವೆಂಬರಿನಲ್ಲಿ ಹೊರಬಿತ್ತು. ಜನ ಓದಿದರು, ಸಾವಿರಾರು ಆಕ್ಷೇಪಣೆ ಬರೆದುಕೊಟ್ಟರು. 2020ರಲ್ಲಿ ಸರ್ಕಾರ ಆ ಕರಡನ್ನೇ ಹಿಂತೆಗೆದುಕೊಂಡಿತು. ಕೋಟಿ ಮೀರಿದ ಜನ ಬದುಕುವ ಊರಿನಲ್ಲಿ ನೀರು ಎಲ್ಲಿ ಹರಿಯಬೇಕು, ಮನೆ ಎಲ್ಲಿ ಏಳಬಾರದು ಎಂದು ಇವತ್ತಿನ ಲೆಕ್ಕದಲ್ಲಿ ಹೇಳುವ ನಕ್ಷೆಯೇ ಇಲ್ಲದೆ ಇಷ್ಟು ವರ್ಷ ಉರುಳಿದವು. ಇದನ್ನು ಅಲಕ್ಷ್ಯ ಎಂದು ಕರೆದು ಸುಮ್ಮನಾಗಲು ನಾನು ತಯಾರಿಲ್ಲ. ಯೋಜನೆ ಇಲ್ಲದ ಊರಿನಲ್ಲಿ ಪ್ರತಿ ಗುಂಟೆಯೂ ಚೌಕಾಸಿಗೆ ಸಿಗುತ್ತದೆ. ಚೌಕಾಸಿಯಲ್ಲಿ ಗೆದ್ದವರು ಯಾರು, ಮುಳುಗಿದವರು ಯಾರು ಎಂಬುದು ಪ್ರತಿ ಮಳೆಗಾಲದಲ್ಲೂ ಕಣ್ಣಿಗೆ ಕಾಣುತ್ತದೆ.

ಮಳೆಯನ್ನು ಬೈದು ಪಾರಾಗುವ ಚಾಳಿ ನಮ್ಮ ಎಲ್ಲ ಸರ್ಕಾರಗಳಿಗೂ ಇದೆ. 2022ರ ಸೆಪ್ಟೆಂಬರ್ 4–5ರ ಒಂದು ದಿನದಲ್ಲಿ ನಗರದಲ್ಲಿ 131.6 ಮಿಲಿಮೀಟರ್ ಮಳೆ ಬಿತ್ತು. ಸರ್ಜಾಪುರ ರಸ್ತೆಯ ವಿಲ್ಲಾಗಳಿಂದ ಜನರನ್ನು ಟ್ರ್ಯಾಕ್ಟರಿನಲ್ಲಿ, ದೋಣಿಯಲ್ಲಿ ಹೊರಗೆ ತಂದರು. ಕಾವೇರಿ ನೀರನ್ನು ಬೆಂಗಳೂರಿಗೆ ಎತ್ತಿಕೊಡುವ ತೊರೆಕಾಡನಹಳ್ಳಿಯ ಪಂಪಿಂಗ್ ಕೇಂದ್ರಕ್ಕೂ ನೀರು ನುಗ್ಗಿ, ಮುಳುಗಿದ ಊರಿನ ನಲ್ಲಿಗಳು ಒಣಗಿದವು. ತೊಂಬತ್ತು ವರ್ಷಗಳಲ್ಲಿ ಇಂಥ ಮಳೆ ಬಂದಿರಲಿಲ್ಲ ಎಂದರು ಅಂದಿನ ಮುಖ್ಯಮಂತ್ರಿ. ಮಳೆ ಹೆಚ್ಚಾಗಿದ್ದು ನಿಜ. ಆ ವರ್ಷ ವಾಡಿಕೆಯ ಸುಮಾರು ಎರಡು ಪಟ್ಟು ಸುರಿಯಿತು. ಹವಾಮಾನ ಕೆಟ್ಟಿರುವುದೂ ನಿಜ. ಆದರೆ ನೀರು ಎಲ್ಲಿ ನಿಂತಿತು ಎಂದು ಕೇಳಿ. ಕೆರೆಯ ಅಂಗಳದಲ್ಲಿ, ಕಾಲುವೆಯ ಪಾತ್ರದಲ್ಲಿ, ಅಚ್ಚುಕಟ್ಟಿನ ಗದ್ದೆಬಯಲಿನಲ್ಲಿ ನಿಂತಿತು. ಆ ಜಾಗವನ್ನು ಸೈಟು ಮಾಡಿ ಮಾರಲು ಮೋಡ ಸಹಿ ಹಾಕಿರಲಿಲ್ಲ.

2024ರ ಬೇಸಿಗೆಯನ್ನೂ ಮರೆಯಬೇಡಿ. ನಗರದ ಸುಮಾರು 14 ಸಾವಿರ ಸರ್ಕಾರಿ ಕೊಳವೆಬಾವಿಗಳಲ್ಲಿ ಅರ್ಧದಷ್ಟು ಬತ್ತಿವೆ ಎಂದು ಸರ್ಕಾರವೇ ಹೇಳಿತು. ಹೆಂಗಸರು ಟ್ಯಾಂಕರಿಗಾಗಿ ಬಿಂದಿಗೆ ಸಾಲಿಟ್ಟು ಕಾದರು. ಆ ಸಂಕಟ ತಣಿಯುವ ಮೊದಲೇ, ಜೂನ್ 2ರಂದು ಒಂದೇ ದಿನ 111 ಮಿಲಿಮೀಟರ್ ಮಳೆ ಬಂತು. ಜೂನ್ ತಿಂಗಳ ಮಟ್ಟಿಗೆ 133 ವರ್ಷಗಳಲ್ಲೇ ಹೆಚ್ಚು. ಬಾಯಾರಿದ ಓಣಿಗಳಲ್ಲೇ ನೀರು ನಿಂತಿತು. 1973ರಲ್ಲಿ ನಗರದ ನೆಲದ ಶೇ 8ರಷ್ಟನ್ನು ಕಟ್ಟಡ, ರಸ್ತೆಗಳು ಮುಚ್ಚಿದ್ದವು. ಭಾರತೀಯ ವಿಜ್ಞಾನ ಸಂಸ್ಥೆಯ ಟಿ. ವಿ. ರಾಮಚಂದ್ರ ಮತ್ತು ಸಂಗಡಿಗರ ಅಧ್ಯಯನದ ಪ್ರಕಾರ ಈಗ ಮುಕ್ಕಾಲು ಭಾಗಕ್ಕೂ ಹೆಚ್ಚು ಮುಚ್ಚಿಹೋಗಿದೆ. ಇಂಗಲು ನೆಲ ಸಿಗದ ನೀರು ಬೇಸಿಗೆಯಲ್ಲಿ ಬಾವಿಯಲ್ಲಿರುವುದಿಲ್ಲ, ಮಳೆಗಾಲದಲ್ಲಿ ಮನೆಯೊಳಗಿರುತ್ತದೆ.

ಈ ಊರಿಗೆ ವಿಪತ್ತು ತಡೆಯುವ ಯೋಜನೆ ಇರಲಿಲ್ಲವೆಂದು ಯಾರೂ ಹೇಳಬೇಡಿ. ಇತ್ತು. ಬೆಂಗಳೂರು ದಿಬ್ಬದ ಬೆನ್ನಿನ ಮೇಲೆ, ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ ಕೂತ ಊರು. ಪಕ್ಕದಲ್ಲಿ ದೊಡ್ಡ ಹೊಳೆಯಿಲ್ಲ. ಬಿದ್ದ ಮಳೆ ಮೂರು ಕಡೆಗೆ ಇಳಿಯುತ್ತದೆ: ವೃಷಭಾವತಿ ಹಿಡಿದು ಅರ್ಕಾವತಿಗೆ, ಕೋರಮಂಗಲ–ಚಲ್ಲಘಟ್ಟ ಮತ್ತು ಹೆಬ್ಬಾಳ ಕಣಿವೆಗಳನ್ನು ಹಿಡಿದು ದಕ್ಷಿಣ ಪಿನಾಕಿನಿಗೆ. ಈ ಇಳಿಜಾರಿನ ಉದ್ದಕ್ಕೂ ಹಿಂದಿನವರು ಕೆರೆಯ ಕೆಳಗೆ ಕೆರೆ ಕಟ್ಟಿದರು. ಮಡಿವಾಳ ಕೆರೆ ಕೋಡಿ ಬಿದ್ದರೆ ನೀರು ಅಗರಕ್ಕೆ, ಅಗರದಿಂದ ಬೆಳ್ಳಂದೂರಿಗೆ, ಬೆಳ್ಳಂದೂರಿನಿಂದ ವರ್ತೂರಿಗೆ. ನಡುವೆ ರಾಜಕಾಲುವೆ, ಕಾಲುವೆಯ ಬದಿಗೆ ಹುಲ್ಲು, ಜೊಂಡು, ಗದ್ದೆ. ಎಷ್ಟೇ ಮಳೆ ಬರಲಿ, ಒಂದೊಂದು ಮೆಟ್ಟಿಲಿನಲ್ಲೂ ನೀರಿನ ವೇಗ ಮುರಿಯುತ್ತಿತ್ತು.

ಇದರ ಉಸ್ತುವಾರಿ ನೀರಗಂಟಿಯದು. ತೂಬು ಯಾವಾಗ ಎತ್ತಬೇಕು, ಯಾರ ಗದ್ದೆಗೆ ಎಷ್ಟು ಹೊತ್ತು ಬಿಡಬೇಕು, ಏರಿಯಲ್ಲಿ ಎಲ್ಲಿ ಇಲಿಬಿಲ ಆಗಿದೆ, ಕೋಡಿಗೆ ಇನ್ನೆಷ್ಟು ಬಾಕಿ ಇದೆ — ಎಲ್ಲ ಅವನ ತಲೆಯಲ್ಲಿ. ಬಿರುಮಳೆಯ ರಾತ್ರಿ ಇಡೀ ಊರು ಮಲಗಿದ್ದಾಗ ಏರಿಯ ಮೇಲೆ ನಿಲ್ಲುತ್ತಿದ್ದವನು ಅವನು. ಹಲವು ಊರುಗಳಲ್ಲಿ ಈ ಕೆಲಸ ದಲಿತ ಮನೆತನಗಳ ಹೆಗಲ ಮೇಲಿತ್ತು. ಅವರು ಕಾಯ್ದ ಕೆರೆಯ ನೀರನ್ನು ಅವರೇ ಮುಟ್ಟಲಾಗದ ಊರುಗಳಿದ್ದವು. ಆ ಅನ್ಯಾಯವನ್ನು ಮರೆತು ಹಳೆಯದನ್ನು ಹೊಗಳುವ ಮನಸ್ಸು ನನಗಿಲ್ಲ. ಆದರೆ ಕೇಳಲೇಬೇಕಾದ ಪ್ರಶ್ನೆಯೊಂದಿದೆ. ಕೆರೆಗಳು ಪಂಚಾಯಿತಿಯಿಂದ ಇಲಾಖೆಗೆ, ಇಲಾಖೆಯಿಂದ ಪ್ರಾಧಿಕಾರಕ್ಕೆ, ಪ್ರಾಧಿಕಾರದಿಂದ ಪಾಲಿಕೆಗೆ ಕೈ ಬದಲಾಯಿಸುತ್ತಾ ಹೋದವಲ್ಲ, ಈ ಮನೆತನಗಳ ಒಬ್ಬನನ್ನಾದರೂ ಕರೆದು ಕುರ್ಚಿ ಕೊಟ್ಟು, ನಿನ್ನ ಲೆಕ್ಕ ಹೇಳಪ್ಪಾ ಎಂದು ಯಾವ ಕಚೇರಿ ಕೇಳಿತು? ಅವರ ತಿಳಿವಳಿಕೆಯನ್ನು ಕಸಕ್ಕೆ ಹಾಕಿ, ಕೋಟಿಗಟ್ಟಲೆ ಕೊಟ್ಟು ಕನ್ಸಲ್ಟೆಂಟ್ ವರದಿ ಕೊಂಡಿರಿ.

ಆ ಲೆಕ್ಕ ಹೋದದ್ದರಿಂದ ಏನಾಗಿದೆ ನೋಡಿ. ಹಿಂದೆ ಗದ್ದೆಗೆ ನೀರು ಬಿಟ್ಟು ಬಿಟ್ಟು ಬೇಸಿಗೆಯ ಕೊನೆಗೆ ಕೆರೆ ಇಳಿದಿರುತ್ತಿತ್ತು. ಅಂಗಳದ ಹೂಳನ್ನು ರೈತರು ಗಾಡಿಯಲ್ಲಿ ಹೊಲಕ್ಕೆ ಸಾಗಿಸುತ್ತಿದ್ದರು. ಮುಂಗಾರಿನ ಮೊದಲ ಜಡಿಮಳೆ ಬಂದಾಗ ಕೆರೆಯ ಹೊಟ್ಟೆ ಖಾಲಿ. ನೆರೆಯನ್ನು ನುಂಗಲು ಜಾಗ. ಈಗ ಅಚ್ಚುಕಟ್ಟಿಲ್ಲ, ತೂಬು ಸಿಮೆಂಟು ಕಂಡಿದೆ. ವರ್ಷದ ಅಷ್ಟೂ ದಿನ ಒಳಚರಂಡಿ ನೀರು ಬಂದು ಬೀಳುವುದರಿಂದ ಕೆರೆ ಯಾವಾಗಲೂ ತುಂಬಿದೆ. ‘ಅಭಿವೃದ್ಧಿ’ಯಾದ ಕೆರೆಗಳ ಕತೆಯೂ ಬಹಳ ಕಡೆ ಇದೇ. ಸುತ್ತಲೂ ಏರಿಸಿದ ನಡಿಗೆಪಥ, ಬೇಲಿ, ಬೆಂಚು, ವಿದ್ಯುದ್ದೀಪ. ಮಳೆನೀರು ಒಳಗೆ ಬರುವ ದಾರಿ ಕಿರಿದು, ಹೊರಗೆ ಹೋಗುವ ದಾರಿ ಇನ್ನೂ ಕಿರಿದು. ಅಂಚಿನವರೆಗೆ ತುಂಬಿದ ಕೆರೆಗೆ ಇನ್ನು ನೂರು ಮಿಲಿಮೀಟರ್ ಮಳೆ ಬಿದ್ದರೆ ಅದು ಎಲ್ಲಿಗೆ ಹೋಗಬೇಕು? ಕೆಳಗಿನ ಓಣಿಗೇ ಹೋಗುತ್ತದೆ. ವಾಕಿಂಗ್ ಮಾಡುವವರಿಗೆ ವರ್ಷವಿಡೀ ನೀರು ಕಾಣಬೇಕು ಎಂಬ ಆಸೆಗೆ ಬೆಲೆ ತೆರುತ್ತಿರುವವರು ಏರಿಯ ಕೆಳಗೆ ಬದುಕುವವರು.

ಇಷ್ಟಾಗಿಯೂ ಉಳಿದ ಕೆರೆಗಳು ಭಾಗ್ಯವಂತ ಕೆರೆಗಳು. ಧರ್ಮಾಂಬುಧಿ ಕೆರೆಯ ಮೇಲೆ ಮೆಜೆಸ್ಟಿಕ್ ಬಸ್ ನಿಲ್ದಾಣ ನಿಂತಿದೆ. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ಅಕ್ಕಿತಿಮ್ಮನಹಳ್ಳಿ ಕೆರೆ ಹಾಕಿ ಮೈದಾನವಾಯಿತು, ಚಲ್ಲಘಟ್ಟ ಕೆರೆ ಗಾಲ್ಫ್ ಮೈದಾನವಾಯಿತು. ಇವುಗಳಲ್ಲಿ ಒಂದನ್ನೂ ಬಡವ ಒತ್ತುವರಿ ಮಾಡಿರಲಿಲ್ಲ. ಕಡತ ಬರೆದು, ಟೆಂಡರ್ ಕರೆದು, ಕಲ್ಲು ನೆಟ್ಟು, ರಿಬ್ಬನ್ ಕತ್ತರಿಸಿ ಮಾಡಿದ ನಾಶ ಇದು. ಊರು ಯೋಜಿಸಲೆಂದೇ ಹುಟ್ಟಿದ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವೇ ಕೆರೆಯಂಗಳದಲ್ಲಿ ಬಡಾವಣೆ ಮಾಡಿ ಸೈಟು ಹಂಚಿತು.

ತಿಳಿಯದೆ ಮಾಡಿದೆವು ಎಂಬ ಮಾತಿಗೂ ಅವಕಾಶವಿಲ್ಲ. 1985ರಲ್ಲೇ ಸರ್ಕಾರ ಎನ್. ಲಕ್ಷ್ಮಣ ರಾವ್ ಅವರ ಸಮಿತಿ ನೇಮಿಸಿತ್ತು. ಕೆರೆ ಒಡೆಯಬೇಡಿ, ಉಳಿದವನ್ನು ಕಾಯಿರಿ ಎಂದು ಆ ಸಮಿತಿ ಹೇಳಿತು. ಸರ್ಕಾರ ಒಪ್ಪಿಯೂ ಇತ್ತು. ಒಪ್ಪಿದ ಮೇಲೆ, 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕಾಗಿ ಕೋರಮಂಗಲದ ಕೆರೆಯಂಗಳದಲ್ಲಿ ಬಹುಮಹಡಿ ವಸತಿ ಎದ್ದಿತು. ಆಮೇಲೆ ಎ. ಟಿ. ರಾಮಸ್ವಾಮಿ ಅವರ ನೇತೃತ್ವದ ಸದನ ಸಮಿತಿ ಭೂಕಬಳಿಕೆಯನ್ನು ಎಳೆ ಎಳೆಯಾಗಿ ಬಿಡಿಸಿಟ್ಟಿತು. ಹೈಕೋರ್ಟಿನ ಸೂಚನೆಯಂತೆ ನ್ಯಾಯಮೂರ್ತಿ ಎನ್. ಕೆ. ಪಾಟೀಲ ಸಮಿತಿ ವರದಿ ಕೊಟ್ಟಿತು. ಕೆರೆ ಒತ್ತುವರಿಯ ಬಗ್ಗೆಯೇ ಕೋಳಿವಾಡ ಸಮಿತಿ ಕೂತಿತು. 2011ರ ಭೂಕಬಳಿಕೆ ನಿಷೇಧ ಕಾಯ್ದೆ ಬಂತು, ಅದಕ್ಕೊಂದು ವಿಶೇಷ ನ್ಯಾಯಾಲಯವೂ ಬಂತು. ಮೂವತ್ತೈದು ವರ್ಷಕ್ಕೂ ಮೀರಿ ಇವರಿಗೆ ಎಲ್ಲವೂ ಗೊತ್ತಿತ್ತು. ಗೊತ್ತಿದ್ದೂ ಅಗರ ಮತ್ತು ಬೆಳ್ಳಂದೂರು ಕೆರೆಗಳ ನಡುವಿನ ತಗ್ಗು ಜೌಗನ್ನು ಸರ್ಕಾರದ ಕೈಗಾರಿಕಾ ಮಂಡಳಿಯೇ ಕಟ್ಟಡ ಕಟ್ಟುವವರಿಗೆ ಹಂಚಿತು.

ಕಾಲುವೆಗಳ ಗತಿಯನ್ನು ಮಹಾಲೆಕ್ಕಪರಿಶೋಧಕರು 2021ರಲ್ಲಿ ವಿಧಾನಮಂಡಲದ ಮುಂದಿಟ್ಟರು. ಕಳೆದ ಶತಮಾನದ ಆರಂಭದಲ್ಲಿ ಕೋರಮಂಗಲ ಕಣಿವೆಯಲ್ಲಿ ಸುಮಾರು 113 ಕಿಲೋಮೀಟರ್ ಇದ್ದ ಕಾಲುವೆ 63ಕ್ಕೆ ಇಳಿದಿದೆ. ವೃಷಭಾವತಿ ಕಣಿವೆಯಲ್ಲಿ 226 ಇದ್ದದ್ದು 112ಕ್ಕೆ. ಅರ್ಧ ಕಾಲುವೆಗಳನ್ನು ನೆಲದ ಮೇಲಿಂದ ಅಳಿಸಿದ ಮೇಲೆ ಉಳಿದರ್ಧಕ್ಕೆ ಎರಡೂ ಬದಿ ಎತ್ತರದ ಕಾಂಕ್ರೀಟ್ ಗೋಡೆ, ತಳಕ್ಕೂ ಕಾಂಕ್ರೀಟ್. ಇದನ್ನೇ ಪ್ರವಾಹ ನಿಯಂತ್ರಣ ಎಂದು ಬಜೆಟ್ಟಿನಲ್ಲಿ ಬರೆಯುತ್ತಾರೆ. ಮಣ್ಣಿನ ಕಾಲುವೆ ನೀರನ್ನು ತಡೆದು, ತಿರುಗಿಸಿ, ಇಂಗಿಸಿ ಕಳಿಸುತ್ತಿತ್ತು. ಕಾಂಕ್ರೀಟಿನ ಕಾಲುವೆ ಒಂದು ಬಡಾವಣೆಯ ನೀರನ್ನು ಎರಡು ಪಟ್ಟು ವೇಗದಲ್ಲಿ ಮುಂದಿನ ಬಡಾವಣೆಯ ಮೇಲೆ ಎಸೆಯುತ್ತದೆ. ಮುಂದೆ ಎಲ್ಲೋ ಒಂದು ಕಿರಿದಾದ ಮೋರಿ ಸಿಕ್ಕರೆ ಮುಗಿಯಿತು. ಹೊರಮಾವಿನ ಸಾಯಿ ಲೇಔಟ್‌ನಲ್ಲಿ ಆಗುತ್ತಿರುವುದು ಇದೇ: ಮೇಲಿನ ಕಣಿವೆಯ ನೀರೆಲ್ಲ ಬಂದು ರೈಲು ಹಳಿಯ ಕೆಳಗಿನ ಕಿರಿದಾದ ಕಿಂಡಿಯಲ್ಲಿ ಸಿಕ್ಕಿಕೊಳ್ಳುತ್ತದೆ. 2025ರ ಮೇ ತಿಂಗಳಲ್ಲಿ ಅಲ್ಲಿನ ಜನ ಮತ್ತೆ ಟ್ರ್ಯಾಕ್ಟರ್ ಹತ್ತಿ ಮನೆ ಬಿಟ್ಟರು. ಅದೇ ಮಳೆಗೆ ಬಿಟಿಎಂ ಲೇಔಟ್‌ನ ಅಪಾರ್ಟ್‌ಮೆಂಟೊಂದರ ನೆಲಮಾಳಿಗೆಯ ನೀರು ಹೊರಹಾಕುವಾಗ ಕರೆಂಟ್ ಹೊಡೆದು ಇಬ್ಬರು ಸತ್ತರು. ಒಬ್ಬ ಇನ್ನೂ ಹುಡುಗ. ಮಹದೇವಪುರದಲ್ಲಿ ಗೋಡೆ ಕುಸಿದು ಹೌಸ್‌ಕೀಪಿಂಗ್ ಕೆಲಸದ ಹೆಣ್ಣುಮಗಳೊಬ್ಬಳು ಸತ್ತಳು. ಅದಕ್ಕೆ ಎರಡು ವರ್ಷ ಮೊದಲು ವಿಧಾನಸೌಧದಿಂದ ಕೂಗಳತೆಯಲ್ಲಿರುವ ಕೆ. ಆರ್. ವೃತ್ತದ ಅಂಡರ್‌ಪಾಸಿನಲ್ಲಿ, ಹಾಡುಹಗಲೇ, ಕಾರಿನೊಳಗೆ ಸಿಕ್ಕಿಕೊಂಡು ಯುವತಿಯೊಬ್ಬಳು ಮುಳುಗಿ ಸತ್ತಿದ್ದಳು. ಪ್ರತಿ ಸಾವಿಗೂ ಪರಿಹಾರದ ಮೊತ್ತ ಸಂಜೆಯೊಳಗೆ ಘೋಷಣೆಯಾಗುತ್ತದೆ. ಆ ಅಂಡರ್‌ಪಾಸಿನ ನೀರು ಹೊರಹೋಗುವ ಕಿಂಡಿಯನ್ನು ಸ್ವಚ್ಛವಾಗಿಡಬೇಕಿದ್ದವರು ಯಾರು ಎಂಬುದು ಏಕೆ ಅಷ್ಟೇ ಬೇಗ ಘೋಷಣೆಯಾಗುವುದಿಲ್ಲ?

ಇನ್ನು ಬಫರ್ ಎಂಬ ಅಂತರದ ಕತೆ. 2016ರ ಮೇ 4ರಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕೆರೆಯಂಚಿನಿಂದ 75 ಮೀಟರ್‌ವರೆಗೆ ಏನೂ ಕಟ್ಟುವಂತಿಲ್ಲ ಎಂದಿತು. ರಾಜಕಾಲುವೆಗಳ ದರ್ಜೆಗೆ ತಕ್ಕಂತೆ 50, 35, 25 ಮೀಟರ್ ಬಿಡಬೇಕೆಂದಿತು. 2019ರ ಮಾರ್ಚ್ 5ರಂದು ಸುಪ್ರೀಂ ಕೋರ್ಟ್ ಇದನ್ನು ರದ್ದು ಮಾಡಿತು. ಮಾಸ್ಟರ್ ಪ್ಲಾನ್ ಹೇಳಿದ್ದನ್ನು ಬದಲಿಸುವ ಅಧಿಕಾರ ನ್ಯಾಯಮಂಡಳಿಗೆ ಇಲ್ಲ ಎಂಬುದು ಅದರ ಕಾರಣ. ಕೆರೆಗೆ ಮತ್ತೆ 30 ಮೀಟರ್ ಉಳಿಯಿತು. ಅಂತರ ಹೆಚ್ಚಿಸುವ ಅಧಿಕಾರ ಹಾಗಾದರೆ ಯಾರ ಕೈಯಲ್ಲಿತ್ತು? ಸರ್ಕಾರದ ಕೈಯಲ್ಲಿ. 2022ರ ಪ್ರವಾಹ ಕಂಡ ಮೇಲೂ ಅದು ಆ ಅಧಿಕಾರ ಬಳಸಲಿಲ್ಲ. ಬದಲಿಗೆ 2025ರಲ್ಲಿ ಕೆರೆಯ ವಿಸ್ತೀರ್ಣ ನೋಡಿ ಅಂತರ ಕಡಿಮೆ ಮಾಡುವ ತಿದ್ದುಪಡಿ ಮಸೂದೆಗೆ ಶಾಸನಸಭೆಯ ಒಪ್ಪಿಗೆ ಪಡೆಯಿತು. ಸಣ್ಣ ಕೆರೆ, ಕಟ್ಟೆಗಳ ಸುತ್ತ ಮೂರು ಮೀಟರ್, ಆರು ಮೀಟರ್ ಬಿಟ್ಟರೆ ಸಾಕಂತೆ. ಕೆರೆಗಳ ಸರಪಳಿಯ ಮೇಲ್ತುದಿಯಲ್ಲಿ ನೀರನ್ನು ಮೊದಲು ಹಿಡಿಯುವುದೇ ಈ ಸಣ್ಣ ಕಟ್ಟೆಗಳು. ಅವು ಹೋದರೆ ದೊಡ್ಡ ಕೆರೆಗೆ ಎಲ್ಲ ನೀರೂ ಒಂದೇ ಏಟಿಗೆ ಬಂದು ಬೀಳುತ್ತದೆ. ಇದು ಹಳ್ಳಿಯ ಎಂಟನೇ ಕ್ಲಾಸಿನ ಮಗುವಿಗೂ ಅರ್ಥವಾಗುತ್ತದೆ. ಶಾಸಕರೇ, ನೀವು ಕೈಯೆತ್ತಿದ ಹೊತ್ತಿನಲ್ಲಿ ನಿಮ್ಮ ಕ್ಷೇತ್ರದ ಯಾವ ಕಟ್ಟೆ ಕಣ್ಣ ಮುಂದೆ ಬಂತು?

2022ರ ಪ್ರವಾಹದ ಹೊತ್ತಿನಲ್ಲಿ ಹೊರವರ್ತುಲ ರಸ್ತೆಯ ಕಂಪನಿಗಳ ಸಂಘ ಸರ್ಕಾರಕ್ಕೆ ಪತ್ರ ಬರೆದು, ಆಗಸ್ಟ್ 30ರ ಒಂದು ದಿನದ ಸಂಚಾರ ಸ್ಥಗಿತದಿಂದ 225 ಕೋಟಿ ರೂಪಾಯಿ ನಷ್ಟವಾಯಿತು ಎಂದಿತು. ಆ ಲೆಕ್ಕ ದೇಶದ ಎಲ್ಲ ಪತ್ರಿಕೆಗಳಲ್ಲೂ ಬಂತು. ಅದೇ ರಸ್ತೆಯ ಹಿಂದಿನ ಓಣಿಗಳಲ್ಲಿ ಶೀಟ್ ಮನೆಗಳಿವೆ. ಆ ಕಂಪನಿಗಳ ನೆಲ ಒರೆಸುವವರು, ಗೇಟು ಕಾಯುವವರು, ಊಟ ತಂದುಕೊಡುವವರು ಅಲ್ಲಿದ್ದಾರೆ. ಒದ್ದೆಯಾದ ಅಕ್ಕಿ, ಸುಟ್ಟುಹೋದ ಮಿಕ್ಸಿ, ತೇಲಿಹೋದ ಮಕ್ಕಳ ಪುಸ್ತಕ, ಕೊಚ್ಚಿಹೋದ ಆಧಾರ್ ಕಾರ್ಡು, ತಪ್ಪಿಹೋದ ವಾರದ ಕೂಲಿ — ಇವನ್ನು ಕೂಡಿಸಿ ಯಾವ ಮಂತ್ರಿಗೆ ಪತ್ರ ಬರೆಯಬೇಕಿತ್ತು?

ನೀರು ಇಳಿದ ಮೇಲೆ ಜೆಸಿಬಿಗಳು ಬಂದವು. ಮುನ್ನೇಕೊಳಲು ಕಡೆ ಮೊದಲ ವಾರಗಳಲ್ಲೇ ಮನೆಗಳನ್ನು ಕೆಡವಿದರು. ಹೀಗೆ ಮನೆ ಕಳೆದುಕೊಂಡವರಲ್ಲಿ ಅನೇಕರು ಸಾಲ ಮಾಡಿ, ನೋಂದಣಿ ಮಾಡಿಸಿ, ಖಾತೆ ಪಡೆದು, ಕಂದಾಯ ಕಟ್ಟಿ, ಕರೆಂಟ್ ಸಂಪರ್ಕ ಪಡೆದು ಬದುಕಿದವರು. ರಾಜಕಾಲುವೆಯ ಮೇಲಿನ ಸೈಟನ್ನು ನೋಂದಣಿ ಮಾಡಿದ ಕಚೇರಿಯೂ ಸರ್ಕಾರದ್ದು, ಕಂದಾಯ ಪಡೆದ ಕೌಂಟರೂ ಸರ್ಕಾರದ್ದು, ಕೆಡವಲು ಬಂದ ಯಂತ್ರದ ಬಾಡಿಗೆ ಕೊಟ್ಟದ್ದೂ ಸರ್ಕಾರವೇ. ದೊಡ್ಡ ಪ್ರಾಜೆಕ್ಟುಗಳ ಗೇಟಿನ ಮುಂದೆ ಬಂದಾಗ ಮಾತ್ರ ಯಂತ್ರ ನಿಧಾನವಾಯಿತು. ಮರುಸರ್ವೆ ಆಗಲಿ ಎಂದರು. ನೋಟಿಸು ಹೋಯಿತು, ತಡೆಯಾಜ್ಞೆ ಬಂತು, ಸುದ್ದಿ ತಣ್ಣಗಾಯಿತು. ಕಾಲುವೆ ತೆರವಾಗಲೇಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಬಡವನ ಗೋಡೆಯಿಂದ ಶುರುವಾಗಿ ಶ್ರೀಮಂತನ ಕಾಂಪೌಂಡಿಗೆ ನಿಲ್ಲುವ ತೆರವಿನಿಂದ ಒಂದು ಬಿಂದಿಗೆ ನೀರೂ ಮುಂದೆ ಹರಿಯುವುದಿಲ್ಲ. ಕಾಲುವೆ ಆ ಕಾಂಪೌಂಡಿನಲ್ಲೇ ಕಟ್ಟಿಕೊಂಡಿರುತ್ತದೆ.

2023ರ ನವೆಂಬರಿನಲ್ಲಿ ಪಾಲಿಕೆ ಹವಾಮಾನ ಕ್ರಿಯಾ ಯೋಜನೆ ಹೊರತಂದಿತು. ಏಳು ವಲಯ, 266 ಕ್ರಮಗಳು, 2050ರ ಗುರಿ. ಅದರಲ್ಲಿ ಒಳ್ಳೆಯ ಮಾತುಗಳಿವೆ, ದುಡಿದವರ ಶ್ರಮವೂ ಇದೆ. ಆದರೆ ಅದನ್ನು ಜಾರಿಗೊಳಿಸಿ ಎಂದು ಪಟ್ಟು ಹಿಡಿಯುವ ಕಾರ್ಪೊರೇಟರ್ ಎಲ್ಲಿ? ಪಾಲಿಕೆಯ ಚುನಾಯಿತ ಕೌನ್ಸಿಲ್‌ನ ಅವಧಿ 2020ರ ಸೆಪ್ಟೆಂಬರಿನಲ್ಲೇ ಮುಗಿದಿತ್ತು. ಮುಂದಿನ ಐದು ವರ್ಷ ಚುನಾವಣೆ ನಡೆಸದೆ ಅಧಿಕಾರಿಗಳ ಕೈಯಲ್ಲಿ ಊರು ನಡೆಯಿತು. 2025ರಲ್ಲಿ ಪಾಲಿಕೆಯನ್ನೇ ಐದು ತುಂಡು ಮಾಡಿ ಮೇಲೊಂದು ಪ್ರಾಧಿಕಾರ ಕೂರಿಸಿದರು. ಮಹಾನಗರದ ಯೋಜನೆಯನ್ನು ಮೂರನೇ ಎರಡರಷ್ಟು ಸ್ಥಳೀಯ ಚುನಾಯಿತ ಪ್ರತಿನಿಧಿಗಳಿರುವ ಸಮಿತಿ ಮಾಡಬೇಕು ಎಂದು ಸಂವಿಧಾನದ 74ನೇ ತಿದ್ದುಪಡಿ ಹೇಳುತ್ತದೆ. ಚುನಾಯಿತರೇ ಇಲ್ಲದ ಮೇಲೆ ಆ ಸಮಿತಿ ಎಲ್ಲಿಂದ? ರಾತ್ರಿ ಎರಡು ಗಂಟೆಗೆ ಮನೆಯೊಳಗೆ ನೀರು ಬಂದಾಗ ಹೋಗಿ ಬಾಗಿಲು ಬಡಿಯಲು ವಾರ್ಡಿನಲ್ಲಿ ಒಬ್ಬ ಮನುಷ್ಯನಿಲ್ಲದಂತೆ ಮಾಡಿದ್ದೂ ನೈಸರ್ಗಿಕ ವಿಕೋಪವೇ?

ಇದರ ನಡುವೆ ಹೆಬ್ಬಾಳದಿಂದ ಸಿಲ್ಕ್‌ಬೋರ್ಡ್‌ವರೆಗೆ ಸುಮಾರು 17 ಕಿಲೋಮೀಟರ್ ಸುರಂಗ ರಸ್ತೆಗೆ ಸಾವಿರಾರು ಕೋಟಿಯ ಉತ್ಸಾಹ. ಒಂದು ಸಣ್ಣ ಅಂಡರ್‌ಪಾಸಿನ ನೀರನ್ನು ಹೊರಹಾಕಲಾಗದೆ ಒಂದು ಜೀವ ಕಳೆದವರು ನೆಲದಡಿ 17 ಕಿಲೋಮೀಟರ್ ಉದ್ದದ ದಾರಿ ತೋಡಲು ಹೊರಟಿದ್ದಾರೆ. ಈ ಸುರಂಗದಿಂದ ಲಾಲ್‌ಬಾಗಿನ ನೆಲಕ್ಕೆ, ಅಲ್ಲಿನ ಮುನ್ನೂರು ಕೋಟಿ ವರ್ಷ ಹಳೆಯ ಬಂಡೆಗೆ ಕುತ್ತು ಎಂದು ಜನ ಬೀದಿಗಿಳಿದು ಕೂಗಬೇಕಾಯಿತು.

ಊರಿನ ಪಾಪ ಊರಲ್ಲೇ ನಿಲ್ಲುವುದೂ ಇಲ್ಲ. ವೃಷಭಾವತಿಯ ಕೊಳಕು ಬೈರಮಂಗಲದ ರೈತರ ಗದ್ದೆಗೆ ಇಳಿಯುತ್ತದೆ. ದಕ್ಷಿಣ ಪಿನಾಕಿನಿಯ ನೊರೆ ಗಡಿ ದಾಟಿ ಹೊಸೂರಿನ ಕೆಲವರಪಳ್ಳಿ ಜಲಾಶಯದಲ್ಲಿ ಏಳುತ್ತದೆ. ಅವರು ಬೆಂಗಳೂರಿನಲ್ಲಿ ಸೈಟು ಕೊಂಡವರಲ್ಲ.

ನಮಗೆ ಇನ್ನೊಂದು ವರದಿ ಬೇಡ. ಪ್ರತಿ ಹಳ್ಳಿಯ ಹಳೆಯ ಗ್ರಾಮನಕ್ಷೆಯಲ್ಲಿ ರಾಜಕಾಲುವೆಯ ಗೆರೆ ಇದೆ, ಕೆರೆಯ ಸರ್ವೆ ನಂಬರ್ ಇದೆ, ಖರಾಬು ಎಷ್ಟೆಂದು ಬರೆದಿದೆ. ಆ ನಕ್ಷೆಯನ್ನು ವಾರ್ಡ್ ಕಚೇರಿಯ ಗೋಡೆಗೆ, ಓದಲು ಬರುವಷ್ಟು ದೊಡ್ಡದಾಗಿ, ಕನ್ನಡದಲ್ಲಿ ಅಂಟಿಸಿ. ಅಂತರ ಇಳಿಸುವ ಮಸೂದೆಯನ್ನು ಕೈಬಿಡಿ. ಪ್ರತಿ ಕೆರೆಗೆ ತೂಬು ಮತ್ತೆ ಬರಲಿ, ಅದನ್ನು ಎತ್ತುವ ಮನುಷ್ಯನಿಗೆ ಕಾಯಂ ಕೆಲಸ, ಸಂಬಳ, ಗೌರವ ಸಿಗಲಿ. ಮುಂಗಾರಿಗೆ ಮೊದಲು ಕೆರೆ ಎಷ್ಟು ಇಳಿದಿರಬೇಕೆಂದು ಅವನ ಮಾತು ನಡೆಯಲಿ. ಕಾಲುವೆಯ ಮೇಲಿಂದ ಎದ್ದು ಹೋಗಬೇಕಾದ ಬಡ ಕುಟುಂಬಕ್ಕೆ ಅದೇ ವಾರ್ಡಿನಲ್ಲಿ ಮನೆ ಮೊದಲು, ತೆರವು ಆಮೇಲೆ. ಮತ್ತು ಮುಳುಗಿದ ಪ್ರತಿ ಬಡಾವಣೆಯ ಕಡತ ಹೊರಗೆ ತೆಗೆಯಿರಿ. ಭೂಪರಿವರ್ತನೆಗೆ ಸಹಿ ಯಾರದು, ಲೇಔಟಿಗೆ ಒಪ್ಪಿಗೆ ಯಾರದು, ಕಾಲುವೆಯನ್ನು ನಕ್ಷೆಯಿಂದ ಅಳಿಸಿದವರು ಯಾರು, ಶಿಫಾರಸು ಪತ್ರ ಬರೆದ ಜನಪ್ರತಿನಿಧಿ ಯಾರು — ಹೆಸರು, ಹುದ್ದೆ, ದಿನಾಂಕದ ಸಮೇತ ಆ ಪಟ್ಟಿ ಅದೇ ಗೋಡೆಗೆ ಬರಲಿ. ನಿವೃತ್ತರಾದವರನ್ನೂ ಬಿಡಬೇಡಿ. ಆ ಪಟ್ಟಿ ಗೋಡೆಗೆ ಬರುವವರೆಗೆ ಯಾವ ಶೀಟ್ ಮನೆಯ ಮುಂದೆಯೂ ಜೆಸಿಬಿ ನಿಲ್ಲಕೂಡದು.